ಬಿಟ್ಟುಹೋದ ಫಾರಂ

ಅವರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಅಂಚು ಸವೆದು ಹೊಳೆಯುತ್ತಿತ್ತು. ಐವತ್ತು ವರ್ಷ ಕಾಗದ ಮಡಿಚಿ, ಮಡಿಕೆಯ ಮೇಲೆ ಅದೇ ಉಗುರನ್ನು ಎಳೆದು ಎಳೆದು ಹಾಗಾಗಿತ್ತು. ಬೆರಳ ಸಂದಿಯಲ್ಲಿ ಸದಾ ಒಣಗಿದ ಮೈದಾ ಅಂಟು. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರಿಂದ ಕೈಯೆಲ್ಲ ತೆಳು ನೀಲಿ. ಶಿಕಾರಿಪುರದಲ್ಲಿ ಎಲ್ಲರೂ ಅವರನ್ನು ಬೈಂಡಿಂಗ್ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಹೈಸ್ಕೂಲಿನಲ್ಲಿ ಗುಮಾಸ್ತೆ. ಲೈಬ್ರರಿಯ ಹರಿದ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಅವರ ಅಂಗಡಿಗೆ ಒಯ್ಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಮೊದಲ ಸಲ ವಾಪಸು ತರಲು ಹೋದಾಗ ಒಂದು ಹಳೆಯ ಕಾದಂಬರಿಯನ್ನು ಎತ್ತಿ ಹಿಡಿದು, "ಇದನ್ನ ಓದೀರೇನ್ರಿ ಮೇಡಂ?" ಎಂದರು. ಇಲ್ಲ ಎಂದೆ.

"ಹಂಗಾರೆ ಇದೊಂದು ನಿಮ್ಮ ಮನಿಗೆ. ಸ್ಕೂಲಿಗೆ ಆಮೇಲೆ."

ಮುಂದಿನ ವಾರ ಸಂತೆಯಲ್ಲಿ ಸಿಕ್ಕವರು ಚೆನ್ನಾಗಿದ್ದೀರಾ ಎಂದು ಕೇಳಲಿಲ್ಲ. ತರಕಾರಿ ಆರಿಸುತ್ತಿದ್ದವರೆಲ್ಲ ತಿರುಗಿ ನೋಡುವಂತೆ, "ಎಷ್ಟ್ ಫಾರಂ ಆಯ್ತ್ರಿ?" ಎಂದರು.

ದೊಡ್ಡ ಹಾಳೆಯೊಂದನ್ನು ಮಡಿಚಿದರೆ ಹದಿನಾರು ಪುಟವಾಗುತ್ತದೆ. ಅದು ಒಂದು ಫಾರಂ. ಅಂಥವನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಪುಸ್ತಕ. ಸಾಹೇಬರು ಓದನ್ನೂ ಅದರಲ್ಲೇ ಅಳೆಯುತ್ತಿದ್ದರು. ಹೊಲಿಗೆ ಬಿಚ್ಚಿದ ಪುಸ್ತಕದ ಒಂದು ಫಾರಂ ಬಗಲಲ್ಲಿಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಹೋದರೆ, ಅದು ಮುಗಿದ ಮೇಲೇ ಅಂಗಡಿಯ ಬಾಗಿಲು ತೆರೆಯುವುದು. ಅರ್ಧ ಓದಿ ಬಿಟ್ಟೆ ಎಂದು ಯಾರಾದರೂ ಹೇಳಿದರೆ, ಅನ್ನ ಕಲಸಿಟ್ಟು ಎದ್ದು ಹೋದವರನ್ನು ನೋಡಿದ ಹಾಗೆ ನೋಡುತ್ತಿದ್ದರು. ಮೂವತ್ತು ದಾಟುವ ತನಕ ಗೈಡುಗಳ ಹೊರತು ಬೇರೇನೂ ಓದದಿದ್ದ ನನಗೆ ಕಾದಂಬರಿಯ ಹುಚ್ಚು ಹಿಡಿಸಿದವರು ಅವರು. ಮೊದಮೊದಲು ಅವರ ಹೆದರಿಕೆಗೆ ಓದಿದೆ. ಆಮೇಲೆ ಬಿಡಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಹಳೆಯ ಕಾದಂಬರಿ ಓದುವವರದೊಂದು ವಾಟ್ಸಾಪ್ ಗುಂಪು ಕಟ್ಟಿದೆ. ಶಿಕಾರಿಪುರ, ಸೊರಬ, ಆನವಟ್ಟಿ ಕಡೆಯ ಮೂವತ್ತು ಚಿಲ್ಲರೆ ಜನ. ಈಗ ಏನು ಓದುತ್ತಿದ್ದೇವೆಂದು ಪ್ರತಿ ಭಾನುವಾರ ಬೆಳಿಗ್ಗೆ ಬರೆಯಬೇಕು, ಅಷ್ಟೇ ನಿಯಮ. ಗುಡ್ ಮಾರ್ನಿಂಗ್ ಎಂದು ಗುಲಾಬಿ ಕಳಿಸಿದವರನ್ನು ನಾನು ಹೊರಗೆ ಹಾಕುತ್ತಿದ್ದೆ. ಈ ವಿಷಯದಲ್ಲಿ ನಾನು ಸ್ವಲ್ಪ ಕೆಟ್ಟವಳೇ. ಬೇರೆಯವರು ಉದ್ದುದ್ದ ಬರೆದರೆ ಸಾಹೇಬರದು ಒಂದೇ ಸಾಲು: "ಏಳನೇ ಫಾರಂ. ಮಾವ ಇನ್ನೂ ಸತ್ತಿಲ್ಲ."

ಒಂದು ಭಾನುವಾರ ಸೊರಬದ ನಿವೃತ್ತ ಟೀಚರೊಬ್ಬರು ತಮ್ಮ ಮೆಚ್ಚಿನ ಕಾದಂಬರಿಯನ್ನು ನಾಲ್ಕನೇ ಸಲ ಓದಿ ಮುಗಿಸಿದ್ದಾಗಿ ಬರೆದರು. ಅತ್ತೆಮನೆಯ ಕಾಟ ತಾಳಲಾರದೆ ಹೆಂಗಸೊಬ್ಬಳು ಹೊರಟುಬಿಡುತ್ತಾಳೆ. "ದೋಣಿ ದಡ ಬಿಟ್ಟಿತು" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇಂಥ ಮುಕ್ತಾಯ ಬರೆಯಲು ಎದೆ ಬೇಕು ಎಂದರು. ಆನವಟ್ಟಿಯ ಗೊಬ್ಬರದ ಅಂಗಡಿಯವರು ಕೂಡಲೇ ಉತ್ತರಿಸಿದರು: "ಆಮೇಲೆ ಅವಳು ವಾಪಸ್ ಹೋಗ್ತಾಳಲ್ರೀ ಟೀಚರ್. ಅತ್ತೆ ಕಾಲಿಗೆ ಬೀಳ್ತಾಳೆ."

"ನೀವು ಯಾವುದೋ ಸಿನಿಮಾ ನೋಡಿರಬೇಕು," ಎಂದು ಟೀಚರ್ ಬರೆದರು. ಅಷ್ಟಕ್ಕೇ ಬಿಡದೆ, ಎಂದೋ ಮುಚ್ಚಿಹೋದ ವಾಚನಾಲಯದಿಂದ ತಮ್ಮ ಮನೆ ಸೇರಿದ್ದ ಆ ಪುಸ್ತಕದ ರಟ್ಟಿನ ಫೋಟೋ, ಕೊನೆಯ ಪುಟದ ಫೋಟೋ ಎರಡನ್ನೂ ಹಾಕಿದರು. ಹೌದು, ಪುಟದ ತುದಿಯಲ್ಲಿ ದೋಣಿ ದಡ ಬಿಟ್ಟಿತ್ತು. ಮುಂದೆ ಬರೀ ರಟ್ಟು. ಜಗಳ ನೋಡಲು ನನಗೆ ಬಹಳ ಖುಷಿಯಾಗಿತ್ತು. ಅಷ್ಟರಲ್ಲಿ ಸಾಹೇಬರ ಫೋನ್ ಬಂತು.

"ಮೇಡಂ, ಆ ರಟ್ಟಿನ ಮ್ಯಾಲಿನ ಹಸಿರು ಕ್ಯಾಲಿಕೋ ಬಟ್ಟೆ ನಂದು. ಪುಸ್ತಕ ನಾನೇ ಕಟ್ಟಿದ್ದು."

ಅಂಗಡಿಗೆ ಹೋದೆ. ಟ್ರಂಕಿನ ತಳದಿಂದ ಅವರು ಆ ಕಾದಂಬರಿಯ ಕೊನೆಯ ಫಾರಂ ತೆಗೆದಿಟ್ಟಿದ್ದರು.

"ನಾಲ್ಕೂರಿನ ವಾಚನಾಲಯದ ಪುಸ್ತಕ ಒಟ್ಟಿಗೇ ಬಂದಿದ್ವು. ಇದನ್ನ ಓದಾಕಂತ ಮನಿಗೆ ಒಯ್ದೆ, ಜ್ವರ ಹಿಡೀತು. ನಮ್ಮ ತಮ್ಮ ಉಳಿದದ್ದು ಹೊಲಿದು ಕಳಿಸಿಬಿಟ್ಟಿದ್ದ. ಯಾವೂರಿನ ಪ್ರತಿ ಅಂತ ವಿಚಾರಿಸಬೋದಿತ್ತು. ಕೇಳಿದ್ರೆ ಕೆಲಸ ಕೈ ಬಿಡ್ತದೆ ಅಂತ ಬಾಯಿ ಮುಚ್ಕೊಂಡು ಕುಂತೆ ರೀ. ನಲವತ್ತು ವರ್ಷ!"

ಈಗ ಹೇಳಿ ಏನು ಪ್ರಯೋಜನ, ಆ ಪ್ರತಿ ಬೇರೆ ಮುದ್ರಣದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಬಿಡಿ ಎಂದೆ. ನನ್ನ ಮೇಲೆ ಅವರು ಸಿಟ್ಟಾದದ್ದು ಅದೊಂದೇ ಸಲ.

"ಪುಸ್ತಕ ಕಟ್ಟೋನು ನಾನು. ಕಥಿ ಕದ್ದೋನಾಗಿ ಸಾಯ್ಲೇನ್ರಿ?"

ಮುಂದಿನ ರಜೆಯಲ್ಲಿ ಇಬ್ಬರೂ ಸೊರಬದ ಬಸ್ಸು ಹತ್ತಿದೆವು. ಫಾರಮ್ಮನ್ನು ಎರಡು ರಟ್ಟಿನ ನಡುವೆ ಇಟ್ಟು ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದಿದ್ದರು. ಟೀಚರ ಮನೆಯಲ್ಲಿ ಕೊಟ್ಟ ಚಹಾ ಮುಟ್ಟಲಿಲ್ಲ, ಕೂರಲೂ ಇಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಟೀಚರ್ ಕನ್ನಡಕ ಹಾಕಿಕೊಂಡು ಹದಿನಾರು ಪುಟವನ್ನೂ ಓದಿದರು. ನಾವು ಕಾದೆವು. ಪಕ್ಕದ ಮನೆಯ ಮಿಕ್ಸಿ ಒಂದೇ ಸಮ ಕಿರುಚುತ್ತಿತ್ತು.

ಓದಿ ಮುಗಿಸಿ ಅವರು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಂಗೆ ಆವಾಗ ಇಪ್ಪತ್ತೆರಡು. ನನ್ನ ಅತ್ತೆ ಮನೆ ನಿಮ್ಮ ಶಿಕಾರಿಪುರವೇ. ಅಲ್ಲಿ ಇರ್ಲಿಕ್ಕಾಗದೆ ಇಲ್ಲಿ ತವರಿಗೆ ಬಂದು ಕೂತಿದ್ದೆ. ಗಂಡನ ಕಡೆಯವ್ರು ಕರ್ಕೊಂಡು ಹೋಗ್ಲಿಕ್ಕೆ ಬಂದಿದ್ರು, ಮಾರನೇ ದಿನ ಹೊರಡೂದು ಅಂತಾಗಿತ್ತು. ಅವತ್ತು ಈ ಪುಸ್ತಕ ಓದಿ ಮುಗಿಸ್ದೆ. ಬೆಳಿಗ್ಗೆ ಎದ್ದು ನಾ ಬರೂದಿಲ್ಲ ಅಂದೆ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕ್ದೆ." ಫಾರಮ್ಮನ್ನು ಮೊದಲಿದ್ದ ಮಡಿಕೆಗೇ ಮಡಿಚಿದರು. "ಇದಿದ್ದಿದ್ರೆ ನಾನೂ ವಾಪಸ್ ಹೋಗ್ತಿದ್ದೆ ಸಾಹೇಬ್ರೆ. ಕಾಲಿಗೂ ಬೀಳ್ತಿದ್ದೆನೋ ಏನೋ. ಆ ಊರಿಗೆ ಆಮೇಲೆ ನಾನು ಕಾಲಿಟ್ಟಿಲ್ಲ."

ನಲವತ್ತು ವರ್ಷ ತಪ್ಪು ಅಂದುಕೊಂಡು ಹೊತ್ತದ್ದನ್ನು ಎಲ್ಲಿ ಇಳಿಸಬೇಕೆಂದು ಸಾಹೇಬರಿಗೆ ತಿಳಿಯಲಿಲ್ಲ.

"ಹಂಗಾರೆ ಈಗ ಹೊಲೀಲೋ ಬ್ಯಾಡೋ, ನೀವೇ ಹೇಳ್ರಿ ಅಮ್ಮ."

"ಹೊಲೀರಿ. ಬರೆದವರು ಬರೆದಾಗಿದೆ, ಅದು ಪೂರ್ತಿ ಇರ್ಲಿ. ನನ್ನದಂತೂ ಆಗಿಹೋಯ್ತಲ್ಲ."

ಸಾಹೇಬರು ಜಗಲಿಯ ಮೇಲೆ ಕೂತು ಪುಸ್ತಕದ ಬೆನ್ನಿನ ಬಟ್ಟೆ ಬಿಡಿಸಿದರು, ಸೂಜಿಗೆ ಮೇಣ ಸವರಿದ ದಾರ ಪೋಣಿಸಿದರು. ಬಿಟ್ಟುಹೋಗಿದ್ದ ಫಾರಂ ಸೇರಿಸುವ ಮುಂಚೆ ಚೀಲದಿಂದ ಒಂದು ಖಾಲಿ ಹಾಳೆ ತೆಗೆದು, ದೋಣಿ ದಡ ಬಿಟ್ಟ ಪುಟಕ್ಕೂ ಅದಕ್ಕೂ ನಡುವೆ ಇಟ್ಟರು. ಇದು ಯಾಕೆ ಎಂದೆ. "ಇಲ್ಲೇ ಇಳ್ಕೊಳ್ಳೋರು ಇಳ್ಕೊಳ್ಲಿ," ಎಂದರು, ತಲೆ ಎತ್ತದೆ. ಕೆಲಸ ಮುಗಿದ ಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದರು.

ಈ ವರ್ಷ ರಂಜಾನ್ ಕಳೆದ ಮೇಲೆ ಒಂದು ಶುಕ್ರವಾರ ಸಾಹೇಬರು ತೀರಿಕೊಂಡರು. ಗುಂಪಿಗೆ ಸುದ್ದಿಯನ್ನು ನಾನೇ ಹಾಕಿದೆ. ಹೆತ್ತವರು ನನಗೆ ಅಕ್ಷರ ಕಲಿಸಿದ್ದರು, ಓದು ಕೊಟ್ಟವರು ಇವರು. ಆ ಋಣ ತೀರಿಸುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೇ ದಿನ ಅವರ ಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಬಾಗಿಲಲ್ಲಿ ಟೀಚರ್ ಬಂದು ನಿಂತರು. ಸೊರಬದಿಂದ ಒಬ್ಬರೇ ಬಸ್ಸಿನಲ್ಲಿ ಬಂದು, ಮನೆ ಕೇಳಿಕೊಂಡು ನಡೆದು ಬಂದಿದ್ದರು. ಸಾಹೇಬರ ಹೆಂಡತಿಯ ಪಕ್ಕದಲ್ಲಿ ಕೂತು, ಅವರ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಒಂದು ತಾಸು ಬಿಡಲಿಲ್ಲ.

ಬಸ್ ಸ್ಟ್ಯಾಂಡಿಗೆ ನಾನೇ ಜೊತೆಗೆ ಹೋದೆ. ಒಂದು ತಿರುವಿನಲ್ಲಿ ಅವರ ಹೆಜ್ಜೆ ನಿಧಾನವಾಯಿತು.

"ಅತ್ತೆ ಮನೆ ಈ ಬೀದಿಯಲ್ಲೇ ಇತ್ತು," ಎಂದರು.

"ಒಂದ್ಸಲ ನೋಡಿ ಬರೋಣೇನ್ರಿ ಟೀಚರ್?"

ಅವರು ಅತ್ತ ತಿರುಗಿಯೂ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಮುಂದೆ ನಡೆದರು.

"ಬೇಡ. ನಾ ಬಂದಿದ್ದು ಸಾಹೇಬ್ರ ಮನೆಗೆ."