ಅಂಕಿತಾಳ ಗಣಿತ, ಬಂಗಾರಕ್ಕನ ಕೈ

ಮುಟ್ಟಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಂಗಾರಿ ಜಗುಲಿಯ ಮೇಲೆ ಒಂದು ಕಾಲು ಚಾಚಿ ಕೂತಿದ್ದಾರೆ. ಎದುರಿಗೆ ಬಾಳೆಲೆಯ ಮೇಲೆ ಆಗಷ್ಟೇ ಕೊಯ್ದ ಮಲ್ಲಿಗೆ ಮೊಗ್ಗಿನ ರಾಶಿ. ಪಕ್ಕದ ತಂಬಿಗೆಯಲ್ಲಿ ಬಾಳೆ ನಾರು ನೆನೆಯುತ್ತಿದೆ. ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಮೊಗ್ಗು ಇಟ್ಟು, ಸುತ್ತಿ, ಎಳೆಯುತ್ತಾರೆ. ಕೈ ಎಷ್ಟು ಬೇಗ ಓಡುತ್ತದೆಂದರೆ ಗಂಟು ಬಿದ್ದದ್ದು ಕಾಣುವುದಿಲ್ಲ, ದಂಡೆ ಉದ್ದವಾದದ್ದು ಮಾತ್ರ ಕಾಣುತ್ತದೆ. ಇದು ಭಟ್ಕಳ ಪೇಟೆಯ ಯಾವುದೋ ನವಾಯತ ಮುಸ್ಲಿಮರ ಮದುವೆ ಮನೆಗೆ ಹೋಗುವ ಹೂವು. ಬಿರಿಯುವ ಮೊದಲೇ ತಲುಪಬೇಕು.

ಇವತ್ತು ಗಡಿಬಿಡಿ ಇನ್ನೂ ಜಾಸ್ತಿ. ಹೂವು ಕಳಿಸಿ ಅವರು ಕುಮಟಾದ ಬಸ್ಸು ಹಿಡಿಯಬೇಕು. ಪಕ್ಕದ ಮನೆಯ ಅಂಕಿತಾಗೆ ಬಿ.ಎಸ್ಸಿ. ಕೊನೆಯ ವರ್ಷದ ಗಣಿತ ಪರೀಕ್ಷೆ. ಅಂಕಿತಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವಳು ಬಾಯಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ಬರೆಯುವ ಕೈ ಬಂಗಾರಿಯದು. ಈ ಪೇಪರ್ ದಾಟಿದರೆ ಹುಡುಗಿಗೆ ಡಿಗ್ರಿ. ದಾಟದಿದ್ದರೆ, ‘ಮೊದಲೇ ಹೇಳಿದ್ದೆವಲ್ಲ’ ಎನ್ನಲು ಬಾಯಿ ತೆರೆದು ಕೂತವರಿಗೆ ಹಬ್ಬ.

ಅವರು ಹೇಳಿದ್ದು ಏನು? ಗಣಿತಕ್ಕೆ ಕಣ್ಣು ಬೇಕು ಅಂತ. ಕಣ್ಣಿದ್ದವರೆಲ್ಲ ಗಣಿತದಲ್ಲಿ ಪಾಸಾಗಿದ್ದಾರಾ ಸ್ವಾಮಿ? ಹಾಗಿದ್ದರೆ ಊರಿನ ಅರ್ಧ ಮಂದಿ ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿದ್ದು ಯಾವ ಕುರುಡಿನಿಂದ?

ಬಂಗಾರಿ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆಮೇಲೆ ಮದುವೆ. ಗಂಡ ದೇವಪ್ಪ ಮುರ್ಡೇಶ್ವರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಗದ್ದೆ, ದನ, ಹೂವಿನ ಗಿಡ ಎಲ್ಲ ಬಂಗಾರಿಯ ತಲೆ ಮೇಲೆ. ಅಂಕಿತಾಳ ಗಣಿತ ಈ ಜಗುಲಿಗೆ ಬಂದದ್ದು ಅವಳು ಪಿಯುಸಿಯಲ್ಲಿದ್ದಾಗ. ಪುಸ್ತಕದಲ್ಲೊಂದು ದೀರ್ಘವೃತ್ತದ ಚಿತ್ರ ಇದೆ ಅಂತ ಮೇಷ್ಟ್ರು ಹೇಳಿದ್ದರು. ಹುಡುಗಿ ಹಾಳೆಯ ಮೇಲೆ ಕೈಯಾಡಿಸಿದರೆ ಬರೀ ನುಣುಪು. ಅದು ಹೇಗಿರುತ್ತದೆ ಅಂತ ಬಂದು ಕೇಳಿದಳು. ಬಂಗಾರಿ ಪುಸ್ತಕ ನೋಡಿ, ಒದ್ದೆ ನಾರನ್ನು ಮಣೆಯ ಮೇಲೆ ಹಾಗೆಯೇ ಬಳಸಿ ಇಟ್ಟು, ಅವಳ ಬೆರಳು ಹಿಡಿದು ಒಂದು ಸುತ್ತು ಬರಿಸಿದರು.

“ಮೊಟ್ಟೆಯಾಂಗೆ ಉಂಟಲ್ಲ ಬಂಗಾರಕ್ಕ ಅಂತು ಹುಡುಗಿ. ಮೊಟ್ಟೆಗೆ ಒಂದು ಬದಿ ಚೂಪು, ಇದಕ್ಕೆ ಎರಡೂ ಬದಿ ಒಂದೇ ಅಂದೆ. ಅಷ್ಟೇಯ. ನಂಗೆ ಗೊತ್ತಿದ್ದದ್ದೇ ಅಷ್ಟು,” ಎಂದು ಬಂಗಾರಿ ನಗುತ್ತಾರೆ.

ಅಲ್ಲಿಂದ ಕೆಲಸಕ್ಕೊಂದು ರೂಢಿ ಬಂತು. ಪ್ಲೈವುಡ್ ಹಲಗೆ, ಅಡ್ಡ ಉದ್ದ ಗೆರೆಗಳಿಗೆ ಗೋಣಿದಾರ, ಬಾಗುವ ಗೆರೆಗೆ ಬಾಳೆ ನಾರು, ಬಿಂದುವಿಗೆ ಮೆಂತೆಕಾಳು. ಅಂಕಿತಾಳ ಫೋನು ಕತೆಯನ್ನಾದರೆ ಗಟ್ಟಿಯಾಗಿ ಓದಿ ಹೇಳುತ್ತದೆ, ಸೂತ್ರ ಬಂದರೆ ತೊದಲುತ್ತದೆ. ಹಾಗಾಗಿ ಓದುವುದೂ ಬಂಗಾರಿಯೇ. ಬರೆಯುವಾಗ ಆವರಣ ಚಿಹ್ನೆ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದೇ ದೊಡ್ಡ ರಗಳೆ. ಅದಕ್ಕೂ ಹೂವಿನ ಮಾತೇ ಒದಗಿತು. ‘ಕಟ್ಟು’ ಅಂದರೆ ತೆರೆ, ‘ಗಂಟು’ ಅಂದರೆ ಮುಚ್ಚು. ಮೊದಲ ವರ್ಷದ ಪರೀಕ್ಷೆಯಲ್ಲಿ ಕೋಣೆ ಕಾಯುತ್ತಿದ್ದ ಮೇಡಮ್ಮು ಇದನ್ನು ಕೇಳಿ, ಇದೆಂತ ಗುಟ್ಟಿನ ಭಾಷೆ, ಕಾಪಿ ಹೊಡೆಯುತ್ತೀರಾ ಅಂತ ಗದರಿದ್ದರಂತೆ. ಗಣಿತದ ಲೆಕ್ಚರರ್ ಶ್ರೀಕೃಷ್ಣ ಅವರೇ ಓಡಿ ಬಂದು ವಿವರಿಸಬೇಕಾಯಿತು.

ಆದರೆ ಅದೇ ಶ್ರೀಕೃಷ್ಣ ಸರ್ ಕಳೆದ ವರ್ಷ ಕೈಬಿಡುವುದರಲ್ಲಿದ್ದರು. ಅದಕ್ಕೆ ಕಾರಣ ಬಂಗಾರಿಯ ಒಂದು ತಪ್ಪು. ಅದನ್ನವರು ಮುಚ್ಚಿಡುವುದಿಲ್ಲ.

ಕಾಲೇಜಿನ ಕಿರುಪರೀಕ್ಷೆಯಲ್ಲಿ ಚಿತ್ರ ನೋಡಿ ಉತ್ತರಿಸುವ ಪ್ರಶ್ನೆ ಇತ್ತು: ಈ ವಕ್ರರೇಖೆ ಅಡ್ಡಗೆರೆಯನ್ನು ಎಷ್ಟು ಕಡೆ ಸೇರುತ್ತದೆ? ಪ್ರಶ್ನೆಯನ್ನು ಹೇಳದೆ ಚಿತ್ರವನ್ನಷ್ಟೇ ಸರ್ ಹಿಂದಿನ ದಿನ ಬಂಗಾರಿಯ ಕೈಗೆ ಕೊಟ್ಟಿದ್ದರು. ರೇಖೆ ಒಂದು ಕಡೆ ಅಡ್ಡಗೆರೆಯನ್ನು ದಾಟಿ ಮೇಲೆ ಹೋಗಿ, ಮತ್ತೊಂದು ಕಡೆ ಇಳಿದು ಬಂದು, ಮುಟ್ಟಿ, ತಿರುಗಿ ಮೇಲಕ್ಕೆ ಏರುತ್ತದೆ. ಬಂಗಾರಿ ಸಂಜೆ ಹಲಗೆ ತಯಾರು ಮಾಡಿದರು. ಹೂವು ಕಟ್ಟುವವರಿಗೆ ನಾರು ಒದ್ದೆ ಮಾಡದೆ ಕೈಗೆತ್ತಿಕೊಂಡು ಗೊತ್ತೇ ಇಲ್ಲ. ಒಣ ನಾರು ಮೊಗ್ಗಿನ ಕುತ್ತಿಗೆ ಕೊಯ್ಯುತ್ತದೆ. ಒದ್ದೆ ನಾರನ್ನೇ ಬಳಸಿ, ತುದಿಗಳಿಗೆ ಮಾತ್ರ ಗೋಂದು ಹಚ್ಚಿ ಇಟ್ಟರು. ಹೂವಿನ ದಂಡೆ ಆಗಿದ್ದರೆ ಬೆಳಿಗ್ಗೆಗೆ ಮುಡಿದು ಮುಗಿಯುತ್ತಿತ್ತು. ಹಲಗೆ ಇಡೀ ರಾತ್ರಿ ಒಣಗಿತು. ನಾರು ಬಿಗಿದು ಎಳೆದುಕೊಂಡಿತು. ಅಡ್ಡಗೆರೆಯನ್ನು ಮುಟ್ಟಬೇಕಾದ ಜಾಗದಲ್ಲಿ ರೇಖೆ ಕಿರುಬೆರಳು ತೂರುವಷ್ಟು ಮೇಲೆ ನಿಂತಿತು. ಅಂಕಿತಾ ಮುಟ್ಟಿ ನೋಡಿ, ಒಂದೇ ಕಡೆ ಅಂದಳು. ಬಂಗಾರಿ ಬರೆದರು. ತಪ್ಪು.

ಇಷ್ಟು ಸಣ್ಣ ಪ್ರಶ್ನೆಗೆ ತಪ್ಪಿದರೆ ಮುಂದಿನ ವರ್ಷದ ಪಾಠ ಹೇಗೆ ಅಂತ ವಿಭಾಗದಲ್ಲಿ ಮಾತು ಎದ್ದಿತು. ಪ್ರಿನ್ಸಿಪಾಲರು ಹುಡುಗಿಯನ್ನು ಕರೆಸಿ, ಬಹಳ ಮೃದುವಾಗಿ, ಗಣಿತ ಬಿಟ್ಟು ಬೇರೆ ಯಾವುದಾದರೂ ತಗೋ ಅಂದರು. ಚಿತ್ರವನ್ನೇ ಕಾಣದವಳು ಅಂತಲೂ ಸೇರಿಸಿದರು. ಈ ಮೃದು ದನಿ ಇದೆಯಲ್ಲ, ಇದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಬೈದರೆ ತಿರುಗಿ ಬೈಯಬಹುದು. ಕರುಣೆಗೆ ಏನು ಹೇಳುವುದು? ಅಂಕಿತಾ ಮಾತ್ರ ಹೇಳಿದಳು.

“ಗೆರೆಗೆ ಅಗಲ ಇಲ್ಲ ಅಂತ ನೀವೇ ಕಲಿಸ್ತೀರಿ ಸರ್. ಅಗಲ ಇಲ್ದಿದ್ದ ಗೆರೆ ಯಾರಿಗೆ ಕಂಡದೆ?”

ಪ್ರಿನ್ಸಿಪಾಲರು ಯೋಚಿಸಿ ಹೇಳುತ್ತೇನೆ ಅಂದರು. ಯೋಚಿಸಿ ಹೇಳುತ್ತೇನೆ ಅಂದರೆ ಇಲ್ಲ ಅಂತ ಅರ್ಥ, ಅದು ಎಲ್ಲರಿಗೂ ಗೊತ್ತು.

ಅವತ್ತು ಸಂಜೆ ಬಂಗಾರಿ ಹಲಗೆಯನ್ನು ಗೋಡೆಗೆ ಒರಗಿಸಲು ಎತ್ತಿದಾಗ ಆ ಸಂದು ಕಣ್ಣಿಗೆ ಬಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮರುದಿನ ಅವರು ಹಲಗೆ ಹೊತ್ತು ಬಸ್ಸು ಹತ್ತಿದರು. ಅಷ್ಟು ದೊಡ್ಡ ಹಲಗೆ ಯಾರ ಮನೆ ಬಾಗಿಲಿಗೆ ಅಂತ ಕಂಡಕ್ಟರ್ ತಮಾಷೆ ಮಾಡಿದ. ಬಂಗಾರಿ ನಗಲಿಲ್ಲ. ಸ್ಟಾಫ್ ರೂಮಿನಲ್ಲಿ ಶ್ರೀಕೃಷ್ಣ ಸರ್ ಎದುರು ಹಲಗೆ ಇಟ್ಟು, ಬಾಟಲಿಯ ನೀರನ್ನು ನಾರಿನ ಮೇಲೆ ಸುರಿದರು. ನಾರು ಮೆತ್ತಗಾಗಿ, ಬೆರಳು ತಾಗಿದ ಕೂಡಲೇ ಇಳಿದು ಅಡ್ಡಗೆರೆಯ ಮೇಲೆ ಕೂತಿತು.

“ತಪ್ಪು ನಂದು ಸರ್. ಹುಡುಗೀದಲ್ಲ. ಅವ್ಳು ಇದ್ದದ್ದನ್ನೇ ಹೇಳಿದ್ದು.”

ಸರ್ ಅಂಕಿತಾಳನ್ನು ಕರೆಸಿ, ಹಲಗೆ ಸರಿಸಿ, ಬಾಯಲ್ಲೇ ಒಂದು ಸಮೀಕರಣ ಹೇಳಿದರು: ಎಕ್ಸ್ ಮೈನಸ್ ಒಂದು, ಅದರ ವರ್ಗ, ಅದನ್ನು ಎಕ್ಸ್ ಪ್ಲಸ್ ಎರಡರಿಂದ ಗುಣಿಸು. ರೇಖೆ ಹೇಗೆ ಹೋಗುತ್ತದೆ? ಅಂಕಿತಾ ಬೆರಳನ್ನು ಮೇಜಿನ ಮೇಲೂ ಇಡಲಿಲ್ಲ. ಮೈನಸ್ ಎರಡರಲ್ಲಿ ಅಡ್ಡಗೆರೆಯನ್ನು ದಾಟುತ್ತದೆ ಅಂದಳು. “ಒಂದರ ಹತ್ರ ಬಂದು ಮುಟ್ಟಿ, ತಿರುಗಿ ಹೋಗ್ತದೆ ಸರ್. ದಾಟೂದಿಲ್ಲ. ವರ್ಗ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗೂದಿಲ್ಲ ಅಲ್ದಾ.”

ಗಣಿತಕ್ಕೆ ಬೇಕಾದದ್ದು ಇದು. ಒಂದು ಮಾತಿನಿಂದ ಇನ್ನೊಂದು ಮಾತು ಯಾಕೆ ಹುಟ್ಟುತ್ತದೆ ಅಂತ ಹಿಡಿಯುವುದು, ಹಿಡಿದದ್ದನ್ನು ನೆನಪಲ್ಲಿಟ್ಟುಕೊಳ್ಳುವುದು, ಯಾಕೆ ಅಂತ ಕೇಳಿದರೆ ಹೇಳುವುದು. ಇದಕ್ಕೆ ಬದಲಿ ಇಲ್ಲ, ಇದರಲ್ಲಿ ರಿಯಾಯಿತಿಯನ್ನು ಅಂಕಿತಾ ಕೇಳಿಯೂ ಇಲ್ಲ. ಉಳಿದದ್ದಕ್ಕೆಲ್ಲ ದಾರಿ ಮಾಡಬಹುದು. ಬರೆಯುವ ಕೈ ಬೇರೆಯವರದ್ದಾಗಬಹುದು. ಚಿತ್ರ ದಾರದ್ದಾಗಬಹುದು. ಹೊತ್ತು ಸ್ವಲ್ಪ ಹೆಚ್ಚು ಕೊಡಬಹುದು. ಇಷ್ಟು ಸರಳ ಸಂಗತಿ ತಿಳಿಯಲು ಒಂದು ಕಾಲೇಜಿಗೆ ಹೂವು ಕಟ್ಟುವವಳು ಬಂದು ತನ್ನ ತಪ್ಪು ಒಪ್ಪಿಕೊಳ್ಳಬೇಕಾಯಿತೇ?

ಶ್ರೀಕೃಷ್ಣ ಸರ್ ಪ್ರಿನ್ಸಿಪಾಲರ ಕೋಣೆಗೆ ಮತ್ತೆ ಮತ್ತೆ ಹೋದರು. ಕೊನೆಗೆ ಒಪ್ಪಿಗೆ ಸಿಕ್ಕಿತು. ದೊಡ್ಡ ಪರೀಕ್ಷೆಯ ಪ್ರಶ್ನೆಪತ್ರಿಕೆ ಗುಟ್ಟಿನದ್ದು, ಚಿತ್ರವನ್ನು ಮೊದಲೇ ಕೊಡುವ ಹಾಗಿಲ್ಲ. ಹಾಗಾಗಿ ಬಂಗಾರಿ ಪರೀಕ್ಷೆಯ ಕೋಣೆಯಲ್ಲೇ ಕೂತು ಹಲಗೆಯ ಮೇಲೆ ಚಿತ್ರ ಕೂರಿಸುತ್ತಾರೆ. ನಾರು ಬಿಟ್ಟಾಯಿತು, ಈಗ ಮೇಣ ಹಚ್ಚಿದ ನೂಲು. ಹೆಚ್ಚಿನ ಹೊತ್ತು ಗಂಟೆಗೆ ಇಪ್ಪತ್ತು ನಿಮಿಷ.

ಕುಮಟಾದ ಆ ಕೋಣೆಯಲ್ಲಿ ಇವತ್ತು ಇರುವುದು ಮೂವರೇ, ಹುಡುಗಿ, ಬಂಗಾರಿ, ಕಾಯಲು ಒಬ್ಬರು. ಹೊರಗೆ ವರಾಂಡದಲ್ಲಿ ಅಂಕಿತಾಳ ತಾಯಿ ಉಮಾ ಕೂತಿದ್ದಾರೆ. ಒಳಗಿನಿಂದ ಕಟ್ಟು, ಗಂಟು, ಕಟ್ಟು, ಗಂಟು ಎಂದು ತಗ್ಗಿದ ದನಿ ಕೇಳುತ್ತದೆ. ಉಳಿದ ಮಕ್ಕಳೆಲ್ಲ ಹೊರಬಂದು, ಉತ್ತರ ತಾಳೆ ನೋಡಿ, ಮನೆಗೆ ಹೋದ ಮೇಲೂ ಆ ದನಿ ನಿಲ್ಲುವುದಿಲ್ಲ.

ಮರಳುವ ಬಸ್ಸಿನಲ್ಲಿ ಅಂಕಿತಾ ಇಡೀ ಪೇಪರನ್ನು ತಲೆಯೊಳಗೇ ತಿರುವಿ ಹಾಕುತ್ತಾಳೆ. ಕರ್ಕಿ ಊರು ದಾಟುವಾಗ ಅವಳ ತುಟಿ ನಿಲ್ಲುತ್ತದೆ. ನಾಲ್ಕನೇ ಪ್ರಶ್ನೆ. ಮೇಲಿನ ಸಾಲಲ್ಲಿದ್ದ ಮೈನಸ್ಸನ್ನು ಕೆಳಗಿನ ಸಾಲಲ್ಲಿ ಹೇಳಲು ಮರೆತಿದ್ದಾಳೆ.

“ಬಂಗಾರಕ್ಕ, ನಿಂಗೆ ಕಂಡಿತ್ತಾ?”

“ಕಂಡಿತ್ತು ತಂಗಿ.”

ಎರಡು ಸಾಲನ್ನೂ ಬರೆದ ಕೈಗೆ ಒಂದು ಗೆರೆ ಬಿಟ್ಟುಹೋದದ್ದು ಗೊತ್ತಾಗದೆ ಇರುತ್ತದೆಯೇ? ಪೆನ್ನು ಅಲ್ಲಿ ನಿಂತಿತ್ತಂತೆ. ಒಮ್ಮೆ ಕೆಮ್ಮಿದ್ದರೆ ಸಾಕಿತ್ತು, ಹುಡುಗಿ ತಿಳಿದುಕೊಳ್ಳುತ್ತಿದ್ದಳು. ಬಂಗಾರಿ ಕೆಮ್ಮಲಿಲ್ಲ. ಅವಳು ಹೇಳಿದ ಹಾಗೇ ಬರೆದರು. ಹಿಂದಿನ ಸೀಟಿನಲ್ಲಿ ಉಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬಸ್ಸು ಶರಾವತಿ ಸೇತುವೆ ದಾಟುತ್ತದೆ. ಆಮೇಲೆ ಅಂಕಿತಾ ಬಂಗಾರಿಯ ಹೆಗಲಿಗೆ ತಲೆ ಒರಗಿಸುತ್ತಾಳೆ.

“ನೀ ಹೇಳಿದ್ರೆ ನಾ ಮತ್ತೆ ಯಾವತ್ತೂ ನಿನ್ನ ಕರೀತಿರ್ಲಿಲ್ಲ,” ಎನ್ನುತ್ತಾಳೆ.

ಫಲಿತಾಂಶ ಬಂದಿದೆ. ಆ ಪ್ರಶ್ನೆಯ ಅಂಕ ಹೋಗಿದೆ, ಅಂಕಿತಾ ಪಾಸಾಗಿದ್ದಾಳೆ, ಪ್ರಥಮ ದರ್ಜೆ. ಗಣಿತ ಬಿಡು ಅಂದಿದ್ದ ಕಾಲೇಜೇ ಈಗ ಗೇಟಿಗೆ ಅವಳ ಫೋಟೋದ ಫ್ಲೆಕ್ಸ್ ಕಟ್ಟಿ ‘ನಮ್ಮ ಹೆಮ್ಮೆ’ ಅಂತ ಬರೆಸಿದೆ. ನಾಚಿಕೆ ಅನ್ನುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಏನು ಮಾಡುವುದು. ಫ್ಲೆಕ್ಸಿನಲ್ಲಿ ಬಂಗಾರಿಯ ಹೆಸರೂ ಇರಬೇಕಿತ್ತು ಅಂತ ಮುಟ್ಟಳ್ಳಿಯ ಹೆಂಗಸರು ಜಗಳಕ್ಕೇ ನಿಂತಿದ್ದಾರೆ. ಬಂಗಾರಿ ಸೆರಗಿಗೆ ಕೈ ಒರೆಸಿಕೊಂಡು ತಲೆಯಾಡಿಸುತ್ತಾರೆ.

“ಎಂತಕ್ಕೆ ಮಾರಾಯ್ತಿ? ಆ ಮಾರ್ಕಲ್ಲಿ ನಂದು ಅಂತ ಒಂದೂ ಇಲ್ಲ.”