ಗಿಳಿಗಳ ಕಿಟಕಿಯಿದ್ದ ದೋಣಿ

ಮೈಸೂರಿನ ಈಜುಕೊಳವೊಂದರಲ್ಲಿ ಹೆಂಗಸರಿಗೆ ಈಜು ಕಲಿಸುತ್ತಾ ನನಗೆ ಹನ್ನೆರಡು ವರ್ಷವಾಗಿತ್ತು. ಆದರೂ ಸಮುದ್ರದೊಳಗೆ ಇಳಿದದ್ದು ಮೊನ್ನೆ ಮೊನ್ನೆ, ನಲವತ್ತಾರರಲ್ಲಿ. ಕರಾವಳಿಗೆ ಹೋಗಿ ಸ್ಕೂಬಾ ಕಲಿತೆ. ಐದನೆಯ ಸಲ ಮುಳುಗಿದಾಗ ತರಬೇತುದಾರರು ತಳದಲ್ಲಿ ಒರಗಿದ್ದ ಮೀನುಗಾರಿಕೆ ದೋಣಿಯೊಂದರ ಬಳಿಗೆ ಕರೆದೊಯ್ದರು. ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು, ಈಗ ಮೀನುಗಳ ಮನೆ ಎಂದಷ್ಟೇ ಹೇಳಿದ್ದರು.

ನಿಜವಾಗಿಯೂ ಮನೆಯೇ. ಮರದ ಮೈಯೆಲ್ಲ ಚಿಪ್ಪು, ಹಗ್ಗ ಸುತ್ತಿಡುವ ಮೂಲೆಯಲ್ಲಿ ಒಂದು ಏಡಿಯ ಸಂಸಾರ. ದೋಣಿಯ ಪುಟ್ಟ ಕೋಣೆಯ ಕಿಟಕಿಗೆ ಎರಡು ಗಿಳಿಗಳ ಆಕಾರದ ಕಬ್ಬಿಣದ ಜಾಲರಿ. ಅದರ ಹಿಂದೆ ಹಳದಿ ಮೀನಿನ ಹಿಂಡೊಂದು ನನ್ನ ಕಡೆಗೇ ಮುಖ ಮಾಡಿ ನಿಂತಿತ್ತು. ನಾನು ಹತ್ತಿರ ಹೋದರೂ ಚದುರಲಿಲ್ಲ. ಅವುಗಳ ಹಿಂದೆ ಯಾರೋ ಕೂತಿದ್ದಾರೆ ಎನ್ನಿಸಿತು.

ಊರಿಗೆ ಬಂದ ಮೇಲೆ, ನೀರಿನೊಳಗೆ ತೆಗೆದಿದ್ದ ವಿಡಿಯೊವನ್ನು ನಮ್ಮ ಕೊಳದಲ್ಲಿ ಬಟ್ಟೆ ಬದಲಿಸುವ ಕೋಣೆಗಳನ್ನು ಗುಡಿಸುವ ಹೆಂಗಸಿಗೆ ತೋರಿಸಿದೆ. ಹಿನಕಲ್‌ನಿಂದ ಬರುತ್ತಿದ್ದರು, ನನ್ನದೇ ವಯಸ್ಸು. ಗಂಡ ತೀರಿಹೋಗಿದ್ದಾರೆಂದು ಗೊತ್ತಿತ್ತು, ಹೇಗೆಂದು ಕೇಳಿರಲಿಲ್ಲ. ಬಣ್ಣದ ಮೀನು ನೋಡಿ ಖುಷಿಪಡಲಿ ಎಂದುಕೊಂಡಿದ್ದೆ. ಗಿಳಿಗಳು ಬಂದಾಗ ಅವರು ನನ್ನ ಕೈಯಿಂದ ಫೋನು ತೆಗೆದುಕೊಂಡು ಮತ್ತೆ ಮತ್ತೆ ಅಲ್ಲಿಗೇ ಓಡಿಸಿ ನೋಡಿದರು. ಆಮೇಲೆ ತಮ್ಮ ಫೋನಿನಲ್ಲಿದ್ದ ಒಂದು ಫೋಟೊ ತೋರಿಸಿದರು. ಅದೇ ಕಿಟಕಿಗೆ ಒರಗಿ ಅವರ ಗಂಡ ನಗುತ್ತಿದ್ದರು. ಬಲೆ ಎಳೆಯುವ ಕೆಲಸಕ್ಕೆಂದು ಕರಾವಳಿಗೆ ಹೋಗಿದ್ದವರು. ದೋಣಿ ಮಗುಚಿದಾಗ ಮಿಕ್ಕವರನ್ನು ಇನ್ನೊಂದು ದೋಣಿಯವರು ಎತ್ತಿಕೊಂಡರಂತೆ. ಇವರ ದೇಹ ಸಿಗಲೇ ಇಲ್ಲವಂತೆ.

ನಾನು ಏನೋ ಹೇಳಲು ಹೋದೆ. ಅವರು ತಡೆದು ಕೇಳಿದರು: “ಒಳೀಕ್ ಹೋಗಿದ್ರಾ?”

“ಇಲ್ಲ.”

“ಅವ್ರಿಗೆ ಒಬ್ರೇ ಇರಕ್ಕೆ ಆಗ್ತಿರ್ಲಿಲ್ಲ ಕಣಮ್ಮ. ಇಷ್ಟೊಂದು ಮೀನು ಅವೆಯಲ್ಲ, ಇರ್ಲಿ ಬುಡಿ.”

ಅಳಲಿಲ್ಲ. ವಿಡಿಯೊ ಕಳಿಸಲೇ ಎಂದರೆ ಬೇಡವೆಂದರು.

ಮರುವಾರ, ಬೆಳಗಿನ ತಂಡ ಹೋದ ಮೇಲೆ, ಅವರು ಸೀರೆ ಎತ್ತಿ ಕಟ್ಟಿ ಕೊಳದ ಆಳವಿಲ್ಲದ ಕಡೆ ಇಳಿದರು. ಇಷ್ಟು ವರ್ಷದಲ್ಲಿ ಆ ನೀರಿಗೆ ಕಾಲಿಟ್ಟವರಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ಕಂಬಿ ಹಿಡಿದು ತಲೆ ಪೂರ್ತಿ ಮುಳುಗಿಸಿದ್ದರು. ಹೊತ್ತಾಯಿತು. ಭುಜ ಹಿಡಿದು ಎಳೆಯಬೇಕೆನ್ನುವಾಗ ಮೇಲೆ ಬಂದು, ಕೆಮ್ಮಿ, ಮುಖ ಒರೆಸಿಕೊಂಡರು.

“ಒಳ್ಗೆ ಏನೂ ಕೇಳ್ಸಲ್ಲ ಅಲ್ವಾ,” ಎಂದರು.

ಹೂಂ ಎಂದೆ. ನಿಜ ಹೇಳಬೇಕೆಂದರೆ ಆ ದೋಣಿಯ ಸುತ್ತ ಚಟಪಟ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಸೀಗಡಿಗಳದ್ದು ಎಂದು ತರಬೇತುದಾರರು ವಿವರಿಸಿದ್ದರು. ಈಗ ನಮ್ಮ ಖಾಲಿ ಕೊಳದಲ್ಲಿ ಮುಳುಗಿದಾಗಲೂ ನನಗೆ ಅದು ಕೇಳಿಸುತ್ತದೆ.