ಗಿರಿಜಕ್ಕನ ಹೆಸರಿನ ದೀಪ

ಸನ್ಮಾನದ ವೇದಿಕೆಯ ಮೇಲೆ ಸ್ವಿಚ್ಚು ಒತ್ತಿದಾಗ ಗಿರಿಜಕ್ಕ ನಕ್ಕರೋ ಇಲ್ಲವೋ, ನನಗೆ ಖಚಿತವಿಲ್ಲ. ನಕ್ಕರೆಂದು ನಮ್ಮೂರು ಡಂಬಳದವರೆಲ್ಲ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವರು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾರೆ. ಆ ಚಿತ್ರವನ್ನು ನಾನು ಆಮೇಲೆ ಸಿಟ್ಟಿನಲ್ಲಿ ಕಟ್ಟಿಕೊಂಡಿರಲಿಕ್ಕೂ ಸಾಕು.

ಅವರು ನಮ್ಮ ಓಣಿಯವರು. ದೂರದ ವೀಕ್ಷಣಾಲಯವೊಂದರಲ್ಲಿ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಓದುವ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಮರಳಿದ್ದರು. ಡಾಕ್ಟರು ಎಂದು ಕೇಳಿ ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡು ಬರುವವರಿದ್ದರು. "ನಾ ಚುಕ್ಕಿ ಡಾಕ್ಟರವಾ, ಅವಕ್ಕ ಜ್ವರ ಬಂದ್ರ ಅಷ್ಟ ಹೇಳ್ತೀನಿ" ಎನ್ನುತ್ತಿದ್ದರು. ಕೈಚೀಲದಲ್ಲಿ ಸದಾ ಬೆಳಕನ್ನು ಬಣ್ಣಗಳಾಗಿ ಒಡೆಯುವ ಒಂದು ಗಾಜಿನ ಪಟ್ಟಕ. ಮುಂಡರಗಿಯ ಅಂಗಡಿಯೊಂದರಲ್ಲಿ ಅದನ್ನು ಬಲ್ಬಿನತ್ತ ಹಿಡಿದು, "ನೀಲಿ ಜಾಸ್ತಿ ಐತಿ, ಕಣ್ಣಿಗೆ ಕೆಟ್ಟದ್ದು" ಎಂದರು. ಅಂಗಡಿಯವನು, "ಬ್ಯಾಡಾದ್ರ ಬಿಡ್ರಿ, ಬಲ್ಬಿಗ್ಯಾಕ ಕನ್ನಡಕಾ ಹಾಕ್ತೀರಿ?" ಅಂದ. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಕ್ಕರು.

ಅವರು ಜೀವ ಇಟ್ಟಿದ್ದು ಒಂದೇ ನಕ್ಷತ್ರದ ಮೇಲೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಹಲವು ದಶಕಗಳಿಗೊಮ್ಮೆ ಅದರ ಜೊತೆಗಾರ ನಕ್ಷತ್ರ ಎದುರಿಗೆ ಹಾದು ಅದನ್ನು ಮಂಕು ಮಾಡುತ್ತದೆ. ಆ ಕೆಲವು ವಾರಗಳಲ್ಲಿ ಮಾತ್ರ ಜೊತೆಗಾರ ಏತರಿಂದ ಆದದ್ದೆಂದು ಬೆಳಕಿನಲ್ಲಿ ಓದಬಹುದು. ತಾರುಣ್ಯದಲ್ಲಿ ಒಮ್ಮೆ ಓದಿದ್ದರು. ಪ್ರಬಂಧ ಬಂದದ್ದು ಮೇಲಿನವರ ಹೆಸರಿನಲ್ಲಿ. "ಕಡೀಕ ಕೃತಜ್ಞತಾ ಹೇಳ್ಯಾರ. ಚಾ ಕೊಟ್ಟಾಂವನ ಹೆಸರಿನ ಕೆಳಗ ನಂದೂ ಐತಿ."

ಎರಡನೆಯ ಮಂಕಿಗಾಗಿ ಮಾಳಿಗೆಯ ಮೇಲೆ ಸಿಮೆಂಟಿನ ಕಂಬ ಕಟ್ಟಿಸಿ ದೂರದರ್ಶಕ ಕೂಡಿಸಿದರು. ದೀಪಾವಳಿ ಕಳೆದ ಮೇಲೆ ಶುರುವಾಗಬೇಕು ಎಂದು ಲೆಕ್ಕ ಹಾಕಿದ್ದರು. "ಈ ಸಲ ನನ್ನ ಹೆಸರೀಲೆ ಬರೀತೀನಿ ತಮ್ಮಾ." ಮೂರನೆಯದಕ್ಕೆ ತಾವಿರುವುದಿಲ್ಲ ಎನ್ನುವುದೂ ಅದೇ ಲೆಕ್ಕದಲ್ಲಿತ್ತು.

ರಾಜ್ಯೋತ್ಸವದ ಸಂಜೆ ಊರು ಅವರಿಗೆ ಸನ್ಮಾನ ಮಾಡಿತು. ಬೆಳಕಿನ ವಿಜ್ಞಾನಿಗೆ ಬೆಳಕನ್ನೇ ಕೊಡಬೇಕೆಂದು ಪಂಚಾಯ್ತಿ ಸದಸ್ಯ ಮಲ್ಲಪ್ಪ ಓಡಾಡಿ, ಅವರ ಮನೆಯೆದುರೇ ಹೈಮಾಸ್ಟ್ ದೀಪ ನಿಲ್ಲಿಸಿದ್ದ. ಕಂಬ ಏಳುವಾಗ ಧ್ವಜಕ್ಕೆ ಎಂದಿದ್ದರು. ಬುಡದಲ್ಲಿ ಗಿರಿಜಕ್ಕನ ಹೆಸರು ಬರೆಸಿದ್ದರು.

ಮರುದಿನ ಅವರ ಜೊತೆ ನಾನೂ ಮಲ್ಲಪ್ಪನ ಮನೆಗೆ ಹೋದೆ.

"ಮಲ್ಲಪ್ಪಾ, ಸಂಕ್ರಾಂತಿ ತನಕ ಅದನ್ನ ಆರಿಸಪಾ. ಆ ಬೆಳಕಿನಾಗ ನನ್ನ ಚುಕ್ಕಿ ಕಾಣಾಂಗಿಲ್ಲ. ಆಮ್ಯಾಲೆ ಬೇಕಾದಷ್ಟು ಉರಸ್ರಿ."

ಮಲ್ಲಪ್ಪನ ಮುಖ ಸಣ್ಣದಾಯಿತು. "ಅಯ್ಯ ಅಕ್ಕಾರ, ಬಿಡ್ತು ಅನ್ರಿ! ನಿಮ್ಮ ಹೆಸರಿನ ದೀಪಾ ನೀವಿದ್ದಾಗ ಆರಿಸೂದೇನ್ರಿ?"

"ನಾನ ಹೇಳಾಕತ್ತೀನಲ್ಲೋ."

"ನೀವು ಹೇಳ್ತೀರಿ. ಆ ಪಾಪಾ ನಾ ಕಟ್ಟಿಕೊಳ್ಳಾಂಗಿಲ್ರಿ. ನೀವು ಭಾಳ ದಿನಾ ಬಾಳಬೇಕು."

ಧಾರವಾಡದಲ್ಲಿ ಭೌತಶಾಸ್ತ್ರ ಓದಿದ ನಾನು ಶಕುನ, ಅಪಶಕುನಗಳ ಬಗ್ಗೆ ಗಟ್ಟಿಯಾಗಿ ಏನೇನೋ ಹೇಳಿದೆ. ಅಷ್ಟರಲ್ಲಿ ಮಲ್ಲಪ್ಪನ ಹೆಂಡತಿ ಬಂದು ಗಿರಿಜಕ್ಕನಿಗೆ ಕುಂಕುಮ ಹಚ್ಚಿ ಕಾಲಿಗೆ ಬಿದ್ದಳು. ಮಾತು ಅಲ್ಲಿಗೆ ಮುಗಿಯಿತು.

ಕೊನೆಯ ಸಲ ಕಂಡಾಗ ಅವರು ಹಾಸಿಗೆ ಹಿಡಿದಿದ್ದರು. ಕಿಟಕಿಯಿಂದ ಆ ಬಿಳಿ ಬೆಳಕು ಹೊದಿಕೆಯ ಮೇಲೆಲ್ಲ ಬಿದ್ದಿತ್ತು. "ಹಳೇ ಸೋಡಿಯಂ ದೀಪ ಆಗಿದ್ರ ಹಳದಿ ಅಷ್ಟ ಬಿಟ್ಟು ಉಳಿದದ್ದು ಓದ್ತಿದ್ದೆ. ಇದು ಎಲ್ಲಾ ಬಣ್ಣಾನೂ ನುಂಗಿ ಕುಂತೈತಿ" ಎಂದರು. ಆಮೇಲೆ, "ಭಾಳ ಪ್ರೀತೀಲೆ ಹಾಕ್ಯಾರ" ಎಂದರು. ಅದು ವ್ಯಂಗ್ಯವೋ ಕ್ಷಮೆಯೋ ಇಂದಿಗೂ ನನಗೆ ತಿಳಿದಿಲ್ಲ.

ಹೋಳಿ ಹುಣ್ಣಿಮೆಗೆ ಮೊದಲು ತೀರಿಕೊಂಡರು. ಆ ಸಂಜೆ ಮಲ್ಲಪ್ಪ ಅಳುತ್ತಲೇ ಹೋಗಿ ಹೈಮಾಸ್ಟ್ ಆರಿಸಿದ. ಓಣಿ ಕತ್ತಲಾಯಿತು, ಆಕಾಶ ತುಂಬ ಚುಕ್ಕಿ ಇದ್ದವು ಎಂದು ನನ್ನ ನೆನಪು, ಮೋಡವಿದ್ದರೂ ಇದ್ದೀತು.

ಒಂದನ್ನು ಮಾತ್ರ ಆಮೇಲೆ ಹೊರದೇಶದ ವೀಕ್ಷಕರ ದಾಖಲೆಗಳನ್ನು ತೆಗೆದು ಖಚಿತಪಡಿಸಿಕೊಂಡಿದ್ದೇನೆ. ನಕ್ಷತ್ರ ಅವರು ಹೇಳಿದ ವಾರವೇ ಮಂಕಾಗಿ, ಸಂಕ್ರಾಂತಿಗೆ ಮೊದಲೇ ಮತ್ತೆ ಪೂರ್ತಿ ಬೆಳಗಿತ್ತು.